ಹದಿಮೂರೂವರೆ ಕಿಲೋ ಸೇಬು: ಹಡ್ಸನ್ ಕಣಿವೆಯ ತೋಟದಿಂದ ಅಡುಗೆಮನೆಗೆ

ಜಾಗ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆ, ಅಲ್ಸ್ಟರ್ ಕೌಂಟಿ ಕಡೆಯ 'ನೀವೇ ಕಿತ್ತುಕೊಳ್ಳಿ' ತೋಟ. ಕಾಲ ಅಕ್ಟೋಬರ್ ಎರಡನೇ ವಾರಾಂತ್ಯ. ಮನೆಗೆ ಬಂದ ಮಾಲು ಅರ್ಧ ಬುಶೆಲ್‌ನ ಒಂದು ಚೀಲ, ಪೆಕ್ ಅಳತೆಯ ಇನ್ನೊಂದು ಚೀಲ. ಅರ್ಧ ಬುಶೆಲ್ ಎಂದರೆ ಹೆಚ್ಚುಕಡಿಮೆ 20 ಪೌಂಡ್, 9 ಕಿಲೋ. ಪೆಕ್ ಅದರರ್ಧ. ಒಟ್ಟು 13.5 ಕಿಲೋ. ಮಧ್ಯಮ ಗಾತ್ರದ ಹಣ್ಣು ಪೌಂಡಿಗೆ ಮೂರು ತೂಗುತ್ತವೆ, ಅಂದರೆ ಸುಮಾರು ತೊಂಬತ್ತು ಹಣ್ಣು. ನಾಲ್ಕು ಜನರ ಮನೆಗೆ ಇದು ತಿಂದು ಮುಗಿಸುವ ಲೆಕ್ಕವಲ್ಲ, ಅಡುಗೆ ಮಾಡಿ ಮುಗಿಸುವ ಲೆಕ್ಕ.

ಚೀಲ ತುಂಬುವ ಉತ್ಸಾಹದಲ್ಲಿ ಕೆಂಪಗೆ ಕಂಡದ್ದನ್ನೆಲ್ಲ ಕಿತ್ತು ಒಟ್ಟಿಗೆ ಸುರಿದರೆ ಎರಡೇ ವಾರದಲ್ಲಿ ಅರ್ಧ ಚೀಲ ಮೆತ್ತಗಾಗುತ್ತದೆ. ಪೈ (ಕಣಕದೊಳಗೆ ಹಣ್ಣು ತುಂಬಿ ಒವನ್ನಿನಲ್ಲಿ ಬೇಯಿಸುವ ತಿನಿಸು) ಮಾಡಿದರೆ ಒಳಗೆಲ್ಲ ಗಂಜಿ, ಗೊಜ್ಜು ಮಾಡಿದರೆ ಹೋಳೇ ಕಾಣದು. ತಪ್ಪು ಅಡುಗೆಯದಲ್ಲ, ತಳಿಯದು. ರಸಪುರಿಯಲ್ಲಿ ಯಾರೂ ಉಪ್ಪಿನಕಾಯಿ ಹಾಕುವುದಿಲ್ಲ, ಅಪ್ಪೆಮಿಡಿಯನ್ನು ಯಾರೂ ಸೀಕರಣೆಗೆ ಇಡುವುದಿಲ್ಲ. ಸೇಬಿನಲ್ಲೂ ಅಷ್ಟೇ ಅಂತರವಿದೆ. ಊರಿನ ಅಂಗಡಿಗಳಲ್ಲಿ ಒಂದೆರಡು ತಳಿಯನ್ನೇ ನೋಡಿ ಬೆಳೆದವರಿಗೆ ಇದು ಸುಲಭಕ್ಕೆ ಹೊಳೆಯುವುದಿಲ್ಲ. ಆದ್ದರಿಂದ ಈ ಕೆಲಸ ಶುರುವಾಗುವುದು ಒಲೆಯ ಮುಂದೆ ಅಲ್ಲ, ಮರದ ಸಾಲಿನ ತುದಿಯಲ್ಲಿ ನೆಟ್ಟ ಹೆಸರಿನ ಹಲಗೆಯ ಮುಂದೆ.

ಯಾವ ತಳಿ, ಎಷ್ಟು

ಮ್ಯಾಕಿಂಟಾಷ್ 4 ಕಿಲೋ. 1811ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಜಾನ್ ಮ್ಯಾಕಿಂಟಾಷ್ ಎಂಬ ರೈತನ ಜಮೀನಿನಲ್ಲಿ ಸಿಕ್ಕ ಸಸಿಯ ಸಂತಾನ. ತಿರುಳು ಬೆಳ್ಳಗೆ, ಘಮ ಜಾಸ್ತಿ. ಬಿಸಿ ತಾಗಿದರೆ ಹತ್ತು ನಿಮಿಷದಲ್ಲಿ ಕರಗಿ ಹೋಗುತ್ತದೆ. ಸಾಸ್‌ಗೆ, ಅಂದರೆ ಸೇಬನ್ನು ಬೇಯಿಸಿ ನುಣ್ಣಗೆ ಮಾಡಿದ ಗುಜ್ಜಿಗೆ, ಇದಕ್ಕಿಂತ ಒಳ್ಳೆಯದಿಲ್ಲ, ಪೈಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಇದರ ಸುಗ್ಗಿ ಸೆಪ್ಟೆಂಬರ್. ಅಕ್ಟೋಬರ್ ಹೊತ್ತಿಗೆ ಮರದಲ್ಲಿ ಉಳಿದವು ಹಣ್ಣಾಗಿ ಉದುರುವ ಹಂತದಲ್ಲಿರುತ್ತವೆ. ಸಾಸ್‌ಗಾದರೆ ಅದು ಲಾಭವೇ.

ಎಂಪೈರ್ 4 ಕಿಲೋ. ಮ್ಯಾಕಿಂಟಾಷ್ ಮತ್ತು ರೆಡ್ ಡೆಲಿಷಿಯಸ್ ಕೂಡಿಸಿದ್ದು, ನ್ಯೂಯಾರ್ಕಿನ ಜಿನೀವಾದ ಕೃಷಿ ಸಂಶೋಧನಾ ಕೇಂದ್ರದಿಂದ 1966ರಲ್ಲಿ ಹೊರಬಂದದ್ದು. ಗಟ್ಟಿ, ಸಿಹಿ, ಮಕ್ಕಳ ಊಟದ ಡಬ್ಬಿಗೆ ಹೇಳಿ ಮಾಡಿಸಿದ ಗಾತ್ರ. ಪಾಯಸ ಬಿಟ್ಟರೆ ಇದನ್ನು ಬೇಯಿಸುವುದು ಬೇಡ, ಹಾಗೇ ತಿನ್ನಲು ಇಡಬೇಕು.

ಕಾರ್ಟ್‌ಲ್ಯಾಂಡ್ 2.5 ಕಿಲೋ. ಅದೇ ಜಿನೀವಾದ ತಳಿ, 1915ರಿಂದ ಚಾಲ್ತಿಯಲ್ಲಿದೆ. ಹೆಚ್ಚಿಟ್ಟರೂ ಬೇಗ ಕಂದುವುದಿಲ್ಲ ಎನ್ನುವುದೇ ಇದರ ಹೆಚ್ಚುಗಾರಿಕೆ. ಕೋಸಂಬರಿಗೆ, ಒಣಗಿಸಲು, ಪೈಗೆ ಎಲ್ಲಕ್ಕೂ ನಡೆಯುತ್ತದೆ.

ನಾರ್ದರ್ನ್ ಸ್ಪೈ 2 ಕಿಲೋ. ನ್ಯೂಯಾರ್ಕ್ ರಾಜ್ಯದ್ದೇ ಹಳೆಯ ತಳಿ, ತಡವಾಗಿ ಮಾಗುತ್ತದೆ, ಬೆಂದರೂ ಹೋಳು ಹೋಳಾಗಿಯೇ ನಿಲ್ಲುತ್ತದೆ. ಪೈಗೆ ಮೊದಲ ಆಯ್ಕೆ ಇದೇ. ಚಳಿಗಾಲಕ್ಕೆ ಎತ್ತಿಡಲೂ ಇದೇ.

ರೋಡ್ ಐಲೆಂಡ್ ಗ್ರೀನಿಂಗ್ 1 ಕಿಲೋ. ಹಸಿರು, ಗಟ್ಟಿ, ಕಣ್ಣು ಮುಚ್ಚಿಸುವಷ್ಟು ಹುಳಿ. ಮಾವಿನಕಾಯಿ ಬೇಕೆನಿಸುವ ಅಡುಗೆಗೆಲ್ಲ ಇದನ್ನು ಹಾಕಬಹುದು. ತೋಟದಲ್ಲಿ ಇಲ್ಲದಿದ್ದರೆ ಅಂಗಡಿಯ ಗ್ರಾನಿ ಸ್ಮಿತ್ ಸಾಕು.

ಹನಿಕ್ರಿಸ್ಪ್ ಬೇಕೆಂದೇ ಬಿಟ್ಟದ್ದು. ಮಿನ್ನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ಈ ಹಣ್ಣು ಕಚ್ಚಿದಾಗ ಸಿಗುವ ಸುಖಕ್ಕೆ ಸಾಟಿಯಿಲ್ಲ, ನಿಜ. ಆದರೆ ಅಡುಗೆಯಲ್ಲಿ ಆ ಗುಣ ಉಳಿಯುವುದಿಲ್ಲ. ಕಿತ್ತ ಕೂಡಲೇ ತೀರಾ ತಣ್ಣಗಿನ ಫ್ರಿಜ್ಜಿಗೆ ತಳ್ಳಿದರೆ ಸಿಪ್ಪೆ ಸುಟ್ಟಂತೆ ಕಂದು ಪಟ್ಟೆ ಬೀಳುತ್ತದೆ. ತಂದವರು ಒಂದು ವಾರ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅಂದರೆ ತಂಪಾದ ನೆಲಮಾಳಿಗೆಯಲ್ಲೋ ಗ್ಯಾರೇಜಿನಲ್ಲೋ ಇಟ್ಟು, ಆಮೇಲೆ ಫ್ರಿಜ್ಜಿಗೆ ಸೇರಿಸಬೇಕು.

ಶನಿವಾರ ಬೆಳಗ್ಗೆ: ಮರದ ಬಳಿ

ಉದ್ದ ಪ್ಯಾಂಟು, ಮುಚ್ಚಿದ ಶೂ, ಕಾಲುಚೀಲದೊಳಕ್ಕೆ ಸೇರಿಸಿದ ಪ್ಯಾಂಟಿನ ತುದಿ. ಹಡ್ಸನ್ ಕಣಿವೆಯಲ್ಲಿ ಲೈಮ್ ಕಾಯಿಲೆ ಹರಡುವ ಜಿಂಕೆ ಉಣ್ಣೆಗಳು ಅಕ್ಟೋಬರ್‌ನಲ್ಲೂ ಚುರುಕಾಗಿರುತ್ತವೆ. ಮನೆಗೆ ಬಂದ ಮೇಲೆ ಮಂಡಿ ಹಿಂಭಾಗ, ಸೊಂಟ, ಮಕ್ಕಳ ತಲೆಗೂದಲ ಅಂಚು ನೋಡುವುದನ್ನು ಮರೆಯಬಾರದು.

ಹಣ್ಣು ಮಾಗಿದೆಯೇ ಎಂದು ತಿಳಿಯಲು ಕೆಂಪನ್ನು ನಂಬಬೇಡಿ. ಕೆಂಪು ಬರುವುದು ಬಿಸಿಲಿಗೆ ಮತ್ತು ರಾತ್ರಿಯ ಚಳಿಗೆ. ನೋಡಬೇಕಾದದ್ದು ಕೆಂಪಿನ ಹಿಂದಿನ ಬಣ್ಣವನ್ನು. ತೊಟ್ಟಿನ ಕುಳಿಯ ಸುತ್ತ, ಎಲೆಯ ನೆರಳು ಬಿದ್ದ ಪಕ್ಕದಲ್ಲಿ ಅದು ಕಾಣುತ್ತದೆ. ಎಲೆಹಸಿರು ಇದ್ದರೆ ಇನ್ನೂ ಕಾಯಿ, ಬೆಣ್ಣೆಹಳದಿಗೆ ತಿರುಗಿದ್ದರೆ ಹಣ್ಣು. ಒಂದನ್ನು ಕೊಯ್ದು ನೋಡಲು ಅವಕಾಶವಿದ್ದರೆ ಬೀಜ ಕಂದಾಗಿದೆಯೇ ನೋಡಿ. ಇನ್ನೂ ಖಚಿತ ಬೇಕಾದರೆ ಅಯೋಡಿನ್ ಪರೀಕ್ಷೆಯಿದೆ. ಹಣ್ಣನ್ನು ಅಡ್ಡಕ್ಕೆ ಕತ್ತರಿಸಿ ಮುಖಕ್ಕೆ ಔಷಧಿ ಅಂಗಡಿಯ ಅಯೋಡಿನ್ ಸವರಿದರೆ ಪಿಷ್ಟ ಇರುವ ಕಡೆ ಕಪ್ಪುನೀಲಿಯಾಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ 1992ರ ಚಾರ್ಟಿನಲ್ಲಿ ಇದಕ್ಕೆ 1ರಿಂದ 8ರವರೆಗೆ ಅಂಕ. ಮುಖವಿಡೀ ಕಪ್ಪಾದರೆ 1, ಪಿಷ್ಟವೆಲ್ಲ ಸಕ್ಕರೆಯಾಗಿ ಬೆಳ್ಳಗೇ ಉಳಿದರೆ 8. ತಿಂಗಳುಗಟ್ಟಲೆ ಇಡುವ ಹಣ್ಣು ನಡುವಿನ ಅಂಕದಲ್ಲಿರಬೇಕು, ಸಾಸ್‌ಗೆ 7-8 ಆದರೂ ಚಿಂತೆಯಿಲ್ಲ. ಅಯೋಡಿನ್ ಹಚ್ಚಿದ ಹಣ್ಣು ತಿನ್ನುವಂತಿಲ್ಲ.

ಕೀಳುವ ರೀತಿ ಒಂದೇ. ಅಂಗೈಯನ್ನು ಹಣ್ಣಿನ ಕೆಳಗೆ ಬಟ್ಟಲಿನಂತೆ ಹಿಡಿದು, ತೋರುಬೆರಳನ್ನು ತೊಟ್ಟು ರೆಂಬೆಗೆ ಸೇರುವ ಗಂಟಿನ ಮೇಲಿಟ್ಟು, ಹಣ್ಣಿನ ತಳ ಆಕಾಶ ನೋಡುವ ಹಾಗೆ ಮೇಲಕ್ಕೆ ಹೊರಳಿಸಿ ಸ್ವಲ್ಪ ತಿರುವಬೇಕು. ಮಾಗಿದ್ದರೆ 'ಟಕ್' ಎಂದು ತೊಟ್ಟಿನ ಸಮೇತ ಕೈಗೆ ಬರುತ್ತದೆ. ಬಾರದಿದ್ದರೆ ಬಿಟ್ಟುಬಿಡಿ. ಕೆಳಕ್ಕೆ ಜಗ್ಗಿದರೆ ಒಂದೋ ತೊಟ್ಟು ಮರದಲ್ಲೇ ಉಳಿದು ಹಣ್ಣಿನ ತಲೆಯಲ್ಲಿ ಗಾಯವಾಗುತ್ತದೆ, ಇಲ್ಲವೇ ಗಿಡ್ಡ ಕವಲೇ ಕಿತ್ತು ಬರುತ್ತದೆ. ಆ ಸುಕ್ಕುಗಟ್ಟಿದ, ಬೆರಳುದ್ದದ ಕವಲಿನ ತುದಿಯಲ್ಲಿ ಬರುವ ವರ್ಷದ ಹೂಮೊಗ್ಗು ಈ ಬೇಸಿಗೆಯಲ್ಲೇ ಕಟ್ಟಿರುತ್ತದೆ. ಅದನ್ನು ಮುರಿದವರು ಇನ್ನೊಬ್ಬರ ಮುಂದಿನ ಸುಗ್ಗಿಯನ್ನು ಮುರಿದಂತೆ. ಮಕ್ಕಳಿಗೆ ಮರದ ಬಳಿ ಮೊದಲು ಇದನ್ನೇ ತೋರಿಸಬೇಕು.

ಚೀಲಕ್ಕೆ ಎಸೆಯಬಾರದು, ಇಡಬೇಕು. ಕಾಲು ಮೀಟರ್ ಎತ್ತರದಿಂದ ಬಿದ್ದರೂ ಏಟಾಗುತ್ತದೆ, ಅದು ಕಾಣಿಸುವುದು ಮರುದಿನ. ಒಂದರ ತೊಟ್ಟು ಇನ್ನೊಂದರ ಮೈಗೆ ಚುಚ್ಚುವುದೂ ಮಾಮೂಲು. ಕೊಳೆತ ಶುರುವಾಗುವುದೇ ಆ ಸೂಜಿಗಾತ್ರದ ತೂತಿನಿಂದ. ಪ್ರತಿ ತಳಿಗೂ ಒಂದು ಬಟ್ಟೆಚೀಲ ಒಯ್ದು ಹೆಸರು ಬರೆದು ತುಂಬಿದರೆ ಸಂಜೆಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಎಂಪೈರ್ ಮತ್ತು ಮ್ಯಾಕಿಂಟಾಷ್ ಬೆರೆತರೆ ಆಮೇಲೆ ಬೇರ್ಪಡಿಸುವುದು ಕಷ್ಟ.

ನೆಲಕ್ಕೆ ಬಿದ್ದದ್ದು ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಸಾಲುಗಳ ನಡುವೆ ಜಿಂಕೆ ಓಡಾಡುತ್ತವೆ. ಅವುಗಳ ಹಿಕ್ಕೆಯಿಂದ ಇ-ಕೋಲೈನ ಅಪಾಯಕಾರಿ ಬಗೆ ಹಣ್ಣಿಗೆ ಅಂಟಬಹುದು. ಅಮೆರಿಕದಲ್ಲಿ 1996ರಲ್ಲಿ ಪಾಶ್ಚರೀಕರಿಸದ ಸೇಬಿನ ರಸದಿಂದ ಮಕ್ಕಳು ಕಾಯಿಲೆ ಬಿದ್ದದ್ದು ಇದೇ ಜಾತಿಯ ಬ್ಯಾಕ್ಟೀರಿಯಾದಿಂದ. ಬೇಯಿಸಿದರೆ ಅದು ಸಾಯುತ್ತದೆ. ಆದರೆ ಬಿದ್ದು ಕೊಳೆತ ಹಣ್ಣಿನ ನೀಲಿ ಬೂಷ್ಟು ಉಂಟುಮಾಡುವ ಪ್ಯಾಟುಲಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ. 'ಕೊಳೆತ ಭಾಗ ತೆಗೆದು ಸಾಸ್‌ಗೆ ಹಾಕೋಣ' ಎನ್ನುವ ಉಳಿತಾಯ ಇಲ್ಲಿ ಸಲ್ಲದು.

ಇನ್ನು ಮೈಮೇಲಿನ ಕಲೆಗಳು. ಒರಟಾದ ಕಂದು ಹುರುಪೆಯಿದ್ದರೆ ಅದು ಸ್ಕ್ಯಾಬ್ ಎಂಬ ಶಿಲೀಂಧ್ರ, ಸಿಪ್ಪೆ ಹೆರೆದರೆ ಹೋಗುತ್ತದೆ. ಮಸಿ ಒರೆಸಿದಂಥ ಮಬ್ಬು, ನೊಣದ ಹಿಕ್ಕೆಯಂಥ ಚುಕ್ಕಿ ಇದ್ದರೆ ಅದೂ ಸಿಪ್ಪೆಯ ಮೇಲಷ್ಟೇ. ಅರ್ಧಚಂದ್ರದ ಒಣ ಗಾಯ ಪ್ಲಮ್ ಕುರ್ಕುಲಿಯೊ ಹುಳದ ಹಳೆಯ ಗುರುತು, ಹಣ್ಣಿಗೆ ತೊಂದರೆಯಿಲ್ಲ. ತೂತಿನ ಬಾಯಲ್ಲಿ ಮರಪುಡಿಯಂಥದ್ದು ಕಂಡರೆ ಒಳಗೆ ಕಾಡ್ಲಿಂಗ್ ಪತಂಗದ ಹುಳ ಬೀಜದ ಗೂಡಿನವರೆಗೆ ಹೋಗಿದೆ, ಬಿಡಿ. ಕೊಯ್ದಾಗ ತಿರುಳು ಗಾಜಿನಂತೆ ಪಾರದರ್ಶಕವಾಗಿ ಕಂಡರೆ ಗಾಬರಿ ಬೇಡ. ಅದು ಸಾರ್ಬಿಟಾಲ್ ಎಂಬ ಸಿಹಿಯಂಶ ಒಸರಿ ನಿಂತದ್ದು, ತಿನ್ನಲು ಸೊಗಸು, ಇಡಲು ಮಾತ್ರ ಬಾರದು.

ಶನಿವಾರ ಸಂಜೆ: ವಿಂಗಡಣೆ

ಮೇಜಿನ ಮೇಲೆ ಟವೆಲ್ ಹಾಸಿ ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಿ. ಏಟು ತಿಂದವು, ತೊಟ್ಟು ಕಿತ್ತವು ಈ ರಾತ್ರಿಯ ಅಥವಾ ನಾಳೆಯ ಪಾತ್ರೆಗೆ. ತೊಟ್ಟಿರುವ, ಕಲೆಯಿಲ್ಲದ, ಮಧ್ಯಮ ಗಾತ್ರದವು ಇಡುವುದಕ್ಕೆ. ತೀರಾ ದೊಡ್ಡ ಹಣ್ಣು ಬೇಗ ಮೆತ್ತಗಾಗುತ್ತದೆ, ಅದನ್ನು ಮೊದಲು ತಿನ್ನಿ.

ಇಡುವ ಹಣ್ಣು ತೊಳೆಯಬಾರದು. ಮೇಲಿನ ಬೂದುಬಣ್ಣದ ಮೇಣ ಅದರದ್ದೇ ರಕ್ಷೆ. ತೂತು ಹೊಡೆದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿಡಿ. ಸೇಬಿಗೆ ಬೇಕಾದದ್ದು 0ರಿಂದ 2 ಡಿಗ್ರಿ ಸೆಲ್ಸಿಯಸ್ ಮತ್ತು ತೇವ. ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ಹಲವು ಪಟ್ಟು ವೇಗವಾಗಿ ಹಳತಾಗುತ್ತದೆ. ಅದೇ ಡ್ರಾಯರಿನಲ್ಲಿ ಕ್ಯಾರೆಟ್ ಇಡಬೇಡಿ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಕ್ಯಾರೆಟ್ ಕಹಿಯಾಗುತ್ತದೆ, ಸೊಪ್ಪು ಹಳದಿಯಾಗುತ್ತದೆ.

ಬಳಸುವಾಗ ತೊಳೆಯಲು 1 ಲೀಟರ್ ನೀರಿಗೆ 10 ಗ್ರಾಂ, ಅಂದರೆ ಎರಡು ಟೀ ಚಮಚ, ಅಡುಗೆಸೋಡ. 12ರಿಂದ 15 ನಿಮಿಷ ನೆನೆಸಿ ಚೆನ್ನಾಗಿ ಜಾಲಿಸಿ. ಸಿಪ್ಪೆಯ ಮೇಲಿನ ಎರಡು ಕೀಟ-ಶಿಲೀಂಧ್ರ ನಾಶಕಗಳನ್ನು ಇದು ಬರಿ ನೀರಿಗಿಂತ ಚೆನ್ನಾಗಿ ತೆಗೆಯುತ್ತದೆಂದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ 2017ರ ಅಧ್ಯಯನ ತೋರಿಸಿತು. ಒಳಕ್ಕೆ ಇಳಿದದ್ದನ್ನು ತೊಳೆತ ತೆಗೆಯಲಾರದು.

ಭಾನುವಾರ: ಸಾಸ್, ಅದರಿಂದ ಬಟರ್

4 ಕಿಲೋ ಮ್ಯಾಕಿಂಟಾಷ್. ತೊಟ್ಟು, ಕೆಳಗಿನ ಹೂವಿನ ಒಣಭಾಗ ತೆಗೆದು ನಾಲ್ಕು ಹೋಳು ಮಾಡಿ. ಸಿಪ್ಪೆ ಇರಲಿ. ಗುಲಾಬಿ ಬಣ್ಣ ಬರುವುದು ಅದರಿಂದಲೇ. ಫುಡ್ ಮಿಲ್ (ಹಿಡಿ ತಿರುವಿ ಸೋಸುವ ಜರಡಿ ಪಾತ್ರೆ) ಇದ್ದರೆ ಬೀಜದ ಗೂಡೂ ಇರಬಹುದು, ಸಿಪ್ಪೆ-ಬೀಜ ಮೇಲೆ ನಿಲ್ಲುತ್ತವೆ. ಮಿಕ್ಸಿಯಲ್ಲಿ ರುಬ್ಬುವವರು ಬೀಜದ ಗೂಡನ್ನು ಮೊದಲೇ ತೆಗೆಯಲೇಬೇಕು. ಬೀಜ ನುರಿದರೆ ಕಹಿ.

ದಪ್ಪ ತಳದ ಪಾತ್ರೆಗೆ ಒಂದೂವರೆ ಕಪ್ ನೀರು, ಹೋಳು, ಮುಚ್ಚಳ, ಮಧ್ಯಮ ಉರಿ. ಐದು ನಿಮಿಷಕ್ಕೊಮ್ಮೆ ತಳದಿಂದ ಮೊಗಚಿ. ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೆ ಹೋಳು ಕುಸಿದು ಸಿಪ್ಪೆ ಸುರುಳಿಯಾಗಿ ತೇಲುತ್ತದೆ. ನೀರು ಜಾಸ್ತಿ ಹಾಕುವ ಆಸೆ ಬೇಡ. ಸೇಬಿನಲ್ಲೇ ನೂರಕ್ಕೆ 85 ಪಾಲು ನೀರು, ಮೊದಲ ಐದು ನಿಮಿಷ ತಳ ಹಿಡಿಯದಂತೆ ಕಾಯಲು ಮಾತ್ರ ಹೊರಗಿನ ನೀರು. ತಳ ಹಿಡಿದೇಬಿಟ್ಟರೆ ಕೆರೆಯಬೇಡಿ. ಮೇಲಿನದ್ದನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಸೀದದ್ದನ್ನು ಅಲ್ಲೇ ಬಿಡಿ. ಕೆರೆದರೆ ಇಡೀ ಸಾಸ್ ಸೀದ ವಾಸನೆ.

ಮಿಲ್‌ನಲ್ಲಿ ತಿರುವಿದಾಗ ಸುಮಾರು 2.8 ಲೀಟರ್ ಸಿಗುತ್ತದೆ. ಸಕ್ಕರೆ ರುಚಿಗಷ್ಟೇ, ಕೆಡದಂತೆ ಕಾಯುವುದು ಹಣ್ಣಿನ ಹುಳಿ. ಅರ್ಧವನ್ನು ಜಾಡಿಗೆ ಹಾಕುವುದಾದರೆ ಮತ್ತೆ ಕುದಿ ಬರಿಸಿ, ಬಿಸಿ ಪೈಂಟ್ (ಸುಮಾರು ಅರ್ಧ ಲೀಟರ್) ಜಾಡಿಗೆ ಬಾಯಿಂದ ಅರ್ಧ ಇಂಚು ಬಿಟ್ಟು ತುಂಬಿ, ಚಮಚದ ಹಿಡಿಯಾಡಿಸಿ ಗಾಳಿಗುಳ್ಳೆ ಹೊರಹಾಕಿ, ಬಾಯಿ ಒರೆಸಿ, ಮುಚ್ಚಳ ಬಿಗಿದು, ಜಾಡಿ ಮುಳುಗುವ ಕುದಿನೀರಿನಲ್ಲಿ 15 ನಿಮಿಷ. ಕ್ವಾರ್ಟ್ (ಸುಮಾರು ಒಂದು ಲೀಟರ್) ಜಾಡಿಗೆ 20. ಈ ಸಮಯ ಸಮುದ್ರಮಟ್ಟದಿಂದ 1000 ಅಡಿಯವರೆಗೆ. ಅದಕ್ಕೂ ಮೇಲೆ, 3000 ಅಡಿಯೊಳಗೆ ಇರುವವರು ಐದು ನಿಮಿಷ ಸೇರಿಸಿ, ಏಕೆಂದರೆ ಅಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಉರಿ ಆರಿಸಿ ಐದು ನಿಮಿಷ ಬಿಟ್ಟು ಜಾಡಿ ಎತ್ತಿ. ಕುದಿಯುವಾಗಲೇ ಎತ್ತಿದರೆ ಒಳಗಿನ ಸಾಸ್ ಮುಚ್ಚಳದ ಸಂದಿಯಿಂದ ಹೊರಬಂದು ಬಾಯಿ ಕಚ್ಚುವುದಿಲ್ಲ. ಮರುದಿನ ಮುಚ್ಚಳದ ನಡುವೆ ಒತ್ತಿ ನೋಡಿ. ಟಿಕ್ ಎಂದರೆ ಮುಚ್ಚಳ ಕಚ್ಚಿಲ್ಲ, ಆ ಜಾಡಿ ಫ್ರಿಜ್ಜಿಗೆ.

ಉಳಿದ 1.4 ಲೀಟರ್ ಸಾಸ್ ಆ್ಯಪಲ್ ಬಟರ್‌ಗೆ. ಹೆಸರಲ್ಲಿ ಬೆಣ್ಣೆ ಇದ್ದರೂ ಇದರಲ್ಲಿ ಬೆಣ್ಣೆಯಿಲ್ಲ. ಸಾಸನ್ನು ಬತ್ತಿಸಿ ಬತ್ತಿಸಿ ಬೆಣ್ಣೆಯ ಹದಕ್ಕೆ ತಂದದ್ದು. ಅಗಲವಾದ ಒವನ್ ತಟ್ಟೆಗೆ ಸಾಸ್, 200 ಮಿಲಿಲೀಟರ್ ಸೈಡರ್ (ಸೋಸದ ಸೇಬಿನ ರಸ), 60 ಮಿಲಿಲೀಟರ್ ಸೈಡರ್ ವಿನೆಗರ್, 250 ಗ್ರಾಂ ಕಂದು ಸಕ್ಕರೆ ಅಥವಾ ಪುಡಿಬೆಲ್ಲ, ಚಿಟಿಕೆ ಉಪ್ಪು. 120 ಡಿಗ್ರಿ ಸೆಲ್ಸಿಯಸ್, ಅಂದರೆ 250 ಫ್ಯಾರನ್‌ಹೀಟ್, ಮೂರರಿಂದ ನಾಲ್ಕು ಗಂಟೆ. ಅರ್ಧ ಗಂಟೆಗೊಮ್ಮೆ ಅಂಚನ್ನು ಒಳಕ್ಕೆ ಎಳೆದು ಕಲಕಿ. ಒಲೆಯ ಮೇಲೂ ಮಾಡಬಹುದು, ಆದರೆ ಗಟ್ಟಿಯಾದ ಮೇಲೆ ಅದು ಕುದಿಯುವ ರಾಗಿ ಅಂಬಲಿಯಂತೆ ಗುಳ್ಳೆ ಒಡೆದು ಕೈಗೆ ಸಿಡಿಯುತ್ತದೆ, ಪಕ್ಕದಿಂದ ಕದಲುವಂತಿಲ್ಲ. ಒವನ್ನೇ ವಾಸಿ. ಒಂದೂವರೆ ಟೀ ಚಮಚ ದಾಲ್ಚಿನ್ನಿ ಪುಡಿ, ಕಾಲು ಟೀ ಚಮಚ ಲವಂಗದ ಪುಡಿಯನ್ನು ಕೊನೆಯ ಒಂದು ಗಂಟೆಯಲ್ಲಿ ಹಾಕಿ. ಮೊದಲೇ ಹಾಕಿದರೆ ಲವಂಗ ಕಹಿ ಬಿಡುತ್ತದೆ, ದಾಲ್ಚಿನ್ನಿಯ ಘಮ ಹಾರಿಹೋಗುತ್ತದೆ.

ಹದ ನೋಡುವುದು ಹೀಗೆ. ತಣ್ಣಗಿನ ತಟ್ಟೆಗೆ ಒಂದು ಚಮಚ ಹಾಕಿ ಎರಡು ನಿಮಿಷ ಬಿಡಿ. ಗುಡ್ಡೆಯ ಸುತ್ತ ನೀರಿನ ಉಂಗುರ ಒಸರಿದರೆ ಇನ್ನೂ ಬೇಕು. ಒಸರದೆ, ಗುಡ್ಡೆ ಕುಸಿಯದೆ ನಿಂತರೆ ಆಯಿತು. ಒಬ್ಬಟ್ಟಿನ ಹೂರಣ ಬಲ್ಲವರಿಗೆ ಬೇರೆ ಗುರುತು ಬೇಡ: ಹೂರಣ ಉಂಡೆ ಕಟ್ಟುವ ಹಂತಕ್ಕೆ ಒಂದು ಹೆಜ್ಜೆ ಹಿಂದೆ. ತಣ್ಣಗಾದಾಗ ಇನ್ನೂ ಬಿಗಿಯುತ್ತದೆ. ಸಿಗುವುದು 700 ಮಿಲಿಲೀಟರ್, ಮೂರು ಸಣ್ಣ ಜಾಡಿ. ಒಂದು ಫ್ರಿಜ್ಜಿಗೆ, ಎರಡು ಮೇಲೆ ಜಾಗ ಬಿಟ್ಟು ಫ್ರೀಜರಿಗೆ. ಬಿಸಿ ದೋಸೆಗೆ, ಚಪಾತಿಗೆ ಸವರಲು ಜಾಮಿಗಿಂತ ಮೇಲು.

ಸೋಮವಾರ: ಪೈ

ಒಂಬತ್ತು ಇಂಚಿನ ಆಳ ತಟ್ಟೆಗೆ ಸ್ಪೈ 700 ಗ್ರಾಂ, ಕಾರ್ಟ್‌ಲ್ಯಾಂಡ್ 700 ಗ್ರಾಂ. ಸಿಪ್ಪೆ, ಗೂಡು ತೆಗೆದು 7 ಮಿಲಿಮೀಟರ್ ದಪ್ಪದ ಹೋಳು. 100 ಗ್ರಾಂ ಸಕ್ಕರೆ, 50 ಗ್ರಾಂ ಕಂದು ಸಕ್ಕರೆ, ಒಂದು ಚಮಚ ನಿಂಬೆರಸ, ಒಂದು ಟೀ ಚಮಚ ದಾಲ್ಚಿನ್ನಿ, ಉಪ್ಪು.

ಹಸಿ ಹೋಳನ್ನೇ ತುಂಬಿದರೆ ಎರಡು ಎಡವಟ್ಟು. ಬೇಯುತ್ತಾ ಹೋಳು ಕುಗ್ಗಿ ಮೇಲಿನ ಕಣಕದ ಕೆಳಗೆ ಗುಹೆಯಂಥ ಖಾಲಿ ಜಾಗ ಆಗುತ್ತದೆ. ಬಿಟ್ಟ ರಸವೆಲ್ಲ ತಳಕ್ಕಿಳಿದು ಕೆಳಗಿನ ಕಣಕ ಒದ್ದೆ ಹಿಟ್ಟಾಗಿಯೇ ಉಳಿಯುತ್ತದೆ. ಎರಡಕ್ಕೂ ಮದ್ದು ಒಂದೇ: ಹೋಳನ್ನು ಮೊದಲು ಪಾತ್ರೆಯಲ್ಲಿ ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ, ಕುದಿ ಬರದಂತೆ ಹದಿನೈದು-ಇಪ್ಪತ್ತು ನಿಮಿಷ ಇಡುವುದು. ಥರ್ಮಾಮೀಟರ್ ಇದ್ದರೆ 60ರಿಂದ 70 ಡಿಗ್ರಿ ಸೆಲ್ಸಿಯಸ್. ಆ ಬಿಸಿಯಲ್ಲಿ ಹಣ್ಣಿನದ್ದೇ ಒಂದು ಕಿಣ್ವ ಪೆಕ್ಟಿನ್ ಎಂಬ ಅಂಟಿನಂಶವನ್ನು ಕ್ಯಾಲ್ಸಿಯಂ ಜತೆ ಹೆಣೆದು ಬಿಗಿ ಮಾಡುತ್ತದೆ. ಆಮೇಲೆ ಒವನ್ನಿನಲ್ಲಿ ಎಷ್ಟು ಬೆಂದರೂ ಹೋಳು ಕರಗುವುದಿಲ್ಲ. ನೇರ ಕುದಿಸಿದರೆ ಕಿಣ್ವ ಸತ್ತು ಈ ಉಪಕಾರ ಸಿಗದು. ಹೋಳು ಸೋಸಿ, ರಸವನ್ನು ಪಾಕದಂತೆ ಬತ್ತಿಸಿ ಮತ್ತೆ ಸೇರಿಸಿ, ಪೂರ್ತಿ ತಣಿಸಿ. ಬಿಸಿ ಹೂರಣ ತಣ್ಣಗಿನ ಕಣಕಕ್ಕೆ ಬಿದ್ದರೆ ಬೆಣ್ಣೆ ಕರಗಿ ಪದರ ಏಳುವುದಿಲ್ಲ.

ಕಣಕಕ್ಕೆ ಮೈದಾ 320 ಗ್ರಾಂ, ಫ್ರಿಜ್ಜಿನಿಂದ ತೆಗೆದ ಬೆಣ್ಣೆ 225 ಗ್ರಾಂ, ಉಪ್ಪು ಒಂದು ಟೀ ಚಮಚ, ಐಸ್ ನೀರು 90ರಿಂದ 110 ಮಿಲಿಲೀಟರ್. ಚಪಾತಿ ಹಿಟ್ಟಿನಂತೆ ನಾದಬಾರದು, ನಮ್ಮ ಕೈಯ ಅಭ್ಯಾಸವೇ ಇಲ್ಲಿ ಶತ್ರು. ಬೆಣ್ಣೆ ಬಟಾಣಿಗಾತ್ರದ ತುಣುಕಾಗಿಯೇ ಕಾಣುತ್ತಿರಬೇಕು, ಹಿಟ್ಟು ಒತ್ತಿದರೆ ಕೂಡಬೇಕು, ಅಷ್ಟೇ. ಎರಡು ಭಾಗ ಮಾಡಿ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಲಟ್ಟಿಸಿ. ಕಾದ ಟ್ರೇ ಮೇಲೆ, ಒವನ್ನಿನ ಕೆಳಗಿನ ತಂತಿಯಲ್ಲಿ 220 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ 190ರಲ್ಲಿ 35 ನಿಮಿಷ. ಸೀಳಿನಲ್ಲಿ ರಸ ದಪ್ಪ ಗುಳ್ಳೆಯಾಗಿ ಕುದಿಯುವುದು ಕಾಣಬೇಕು. ನಾಲ್ಕು ಗಂಟೆ ತಣಿಯುವ ಮೊದಲು ಕೊಯ್ದರೆ ರಸ ಹರಿದುಹೋಗುತ್ತದೆ.

ಗೊಜ್ಜು, ಮತ್ತು ಮಾವಿನಕಾಯಿಯ ಜಾಗದಲ್ಲಿ ಗ್ರೀನಿಂಗ್

ಅನಾನಸ್ ಗೊಜ್ಜಿನ ಲೆಕ್ಕದಲ್ಲೇ ಸೇಬಿನ ಗೊಜ್ಜು ಮಾಡಿದರೆ ಕೆಡುತ್ತದೆ. ಅಲ್ಲಿ ಹಣ್ಣನ್ನು ಮೊದಲು ಹುಣಸೆ ನೀರಲ್ಲಿ ಬೇಯಿಸಿ ಮಸಾಲೆ ಆಮೇಲೆ. ಇಲ್ಲಿ ಉಲ್ಟಾ.

ಗ್ರೀನಿಂಗ್ 500 ಗ್ರಾಂ, ಸಿಪ್ಪೆ ಸಮೇತ, 2 ಸೆಂಟಿಮೀಟರ್ ಹೋಳು. ಮಸಾಲೆಗೆ ಕಡಲೆಬೇಳೆ ಒಂದು ಚಮಚ, ಉದ್ದಿನಬೇಳೆ ಎರಡು ಟೀ ಚಮಚ, ಕೊತ್ತಂಬರಿ ಬೀಜ ಒಂದು ಚಮಚ, ಮೆಂತ್ಯ ಕಾಲು ಟೀ ಚಮಚ, ಬ್ಯಾಡಗಿ ಮೆಣಸಿನಕಾಯಿ ಆರು. ಇವನ್ನು ಸಣ್ಣ ಉರಿಯಲ್ಲಿ ಹುರಿದು, ಕೊನೆಗೆ ಬಿಳಿ ಎಳ್ಳು ಒಂದು ಚಮಚ, ತುರಿದ ಕೊಬ್ಬರಿ ಮೂರು ಚಮಚ ಹಾಕಿ ಎಳ್ಳು ಚಿಟಪಟ ಎನ್ನುವಾಗ ಇಳಿಸಿ ಪುಡಿ ಮಾಡಿ. ಮೆಂತ್ಯ ಕೆಂಪು ದಾಟಿ ಕಪ್ಪಿಗೆ ಹೋದರೆ ಬೆಲ್ಲ ಎಷ್ಟು ಹಾಕಿದರೂ ಕಹಿ ಮುಚ್ಚುವುದಿಲ್ಲ, ಮತ್ತೆ ಹುರಿಯುವುದೇ ದಾರಿ.

ಎರಡು ಚಮಚ ಎಣ್ಣೆ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಅದಕ್ಕೆ ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಯ ರಸ. ಹಣ್ಣಿನಲ್ಲೇ ಹುಳಿ ಇರುವುದರಿಂದ ಮಾಮೂಲಿನ ಅರ್ಧ ಸಾಕು. ಬೆಲ್ಲ 40 ಗ್ರಾಂ, ಅರಿಸಿನ, ಉಪ್ಪು ಒಂದೂಕಾಲು ಟೀ ಚಮಚ, ಪುಡಿ, ಒಂದು ಕಪ್ ನೀರು. ಹತ್ತು ನಿಮಿಷ ಕುದಿಸಿ, ಹಸಿ ವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ಕಾಣಿಸಿಕೊಂಡ ಮೇಲೆಯೇ ಹೋಳು ಹಾಕಿ. ನಾಲ್ಕು ನಿಮಿಷ, ಒಲೆ ಆರಿಸಿ, ಮುಚ್ಚಬೇಡಿ. ಹುಳಿಯೂ ಸಿಹಿಯೂ ಇರುವ ರಸದಲ್ಲಿ ಹೋಳು ನಿಧಾನಕ್ಕೆ ಮೆತ್ತಗಾಗುತ್ತದೆ, ಆದ್ದರಿಂದ ಆಕಾರ ಉಳಿಯುತ್ತದೆ. ಇಳಿಸಿದಾಗ ನಡುವೆ ಸ್ವಲ್ಪ ಗಟ್ಟಿ ಎನಿಸಿದರೆ ಅದೇ ಸರಿಯಾದ ಹದ, ಉಳಿದದ್ದನ್ನು ಬಿಸಿಯೇ ಬೇಯಿಸುತ್ತದೆ.

ಇನ್ನರ್ಧ ಕಿಲೋದಲ್ಲಿ ಒಂದು ಹಣ್ಣು ಚಿತ್ರಾನ್ನಕ್ಕೆ. ಅನ್ನ ಆರಿ ಒಗ್ಗರಣೆ ಸಿದ್ಧವಾದ ಮೇಲೆ ತುರಿದು ಕೂಡಲೇ ಎಣ್ಣೆಗೆ ಹಾಕಿ, ಅರ್ಧ ನಿಮಿಷ ಬಾಡಿಸಿ ಕಲಸಿ. ಮೊದಲೇ ತುರಿದಿಟ್ಟರೆ ಕಂದುತ್ತದೆ. ಉಳಿದದ್ದು ಉಪ್ಪಿನಕಾಯಿಗೆ: 300 ಗ್ರಾಂ ಸಣ್ಣ ಹೋಳಿಗೆ ಉಪ್ಪು 24 ಗ್ರಾಂ, ಅರಿಸಿನ, ಅಚ್ಚಖಾರದಪುಡಿ ಒಂದೂವರೆ ಚಮಚ, ಹುರಿದ ಸಾಸಿವೆ-ಮೆಂತ್ಯದ ಪುಡಿ ಎರಡು ಟೀ ಚಮಚ, ಇಂಗು, ಒಂದು ನಿಂಬೆಹಣ್ಣಿನ ರಸ, ಕಾಯಿಸಿ ಪೂರ್ತಿ ಆರಿಸಿದ ಎಣ್ಣೆ 60 ಮಿಲಿಲೀಟರ್. ಬಿಸಿ ಎಣ್ಣೆ ಸುರಿದರೆ ಹೋಳಿನ ಗರಿಗರಿ ಹೋಗುತ್ತದೆ. ಇದು ವರ್ಷದ ಉಪ್ಪಿನಕಾಯಿಯಲ್ಲ. ಸೇಬಿನಲ್ಲಿ ನೀರು ಹೆಚ್ಚು, ಮಾವಿನಕಾಯಿಯಷ್ಟು ಹುಳಿಯಿಲ್ಲ. ಫ್ರಿಜ್ಜಿನಲ್ಲಿಟ್ಟು ಎರಡು ವಾರದಲ್ಲಿ ಮುಗಿಸಿ, ಹೊರಗಿಡಬೇಡಿ.

ಪಾಯಸ ಮಾಡುವವರಿಗೆ ಒಂದು ಮಾತು. ಹಸಿ ತುರಿಯನ್ನು ಬಿಸಿ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ. ಸಿಹಿಯಾದ ಎಂಪೈರ್ ತುರಿದು ತುಪ್ಪ-ಸಕ್ಕರೆಯಲ್ಲಿ ನೀರಾರುವವರೆಗೆ ಬಾಡಿಸಿ, ಆರಿಸಿ, ಬತ್ತಿಸಿ ತಣ್ಣಗಾದ ಹಾಲಿಗೆ ಬೆರೆಸಿ.

ವಾರದ ಕೊನೆಗೆ ಉಳಿದದ್ದು

ಕಾರ್ಟ್‌ಲ್ಯಾಂಡ್ 1 ಕಿಲೋ ಒಣಗಿಸಲು. 5 ಮಿಲಿಮೀಟರ್ ಬಿಲ್ಲೆ, 57 ಡಿಗ್ರಿ ಸೆಲ್ಸಿಯಸ್ ಡ್ರೈಯರಿನಲ್ಲಿ ಎಂಟು ಗಂಟೆ ಆಸುಪಾಸು. ಬಗ್ಗಿಸಿದರೆ ಚರ್ಮದಂತೆ ಬಾಗಬೇಕು, ಹರಿದ ಜಾಗ ಒತ್ತಿದರೆ ತೇವ ಕಾಣಬಾರದು. ಬೇರೆ ತಳಿಯಾದರೆ ಮೊದಲು ವಿಟಮಿನ್ ಸಿ ನೀರಲ್ಲಿ ಅದ್ದಿ, ಸುಮಾರು ಅರ್ಧ ಲೀಟರಿಗೆ 500 ಮಿಲಿಗ್ರಾಂನ ಆರು ಮಾತ್ರೆ ಪುಡಿ ಮಾಡಿ ಕರಗಿಸಿದ್ದು. ಆರಿದ ಬಿಲ್ಲೆಯನ್ನು ಗಾಜಿನ ಜಾಡಿಯಲ್ಲಿ ಸಡಿಲವಾಗಿ ತುಂಬಿ ಒಂದು ವಾರ ದಿನಾ ಅಲುಗಾಡಿಸಿ. ಗಾಜಿನ ಒಳಮೈಗೆ ಹನಿ ಕಟ್ಟಿದರೆ ಮತ್ತೆ ಡ್ರೈಯರಿಗೆ.

ಪೈಗೆ ತೆಗೆದ ಸಿಪ್ಪೆ, ಗೂಡುಗಳಲ್ಲಿ ಪೆಕ್ಟಿನ್ ತುಂಬಿದೆ, ಎಸೆಯಬೇಡಿ. ಮುಳುಗುವಷ್ಟು ನೀರಲ್ಲಿ ಅರ್ಧ ಗಂಟೆ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ಹಿಂಡಿದರೆ ರಸ ಕಲಕುತ್ತದೆ. ಒಂದು ಕಪ್ ರಸಕ್ಕೆ ಮುಕ್ಕಾಲು ಕಪ್ ಸಕ್ಕರೆ, 104 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಜೋರು ಕುದಿ. ಜೆಲ್ಲಿ ಕಟ್ಟುತ್ತದೆ.

ಡ್ರಾಯರಿನಲ್ಲಿ ಈಗ ಎಂಪೈರ್ ಮತ್ತು 1.3 ಕಿಲೋ ಸ್ಪೈ. ಕಾರ್ಟ್‌ಲ್ಯಾಂಡಿನ ಮಿಕ್ಕ ಐದಾರು ಹಣ್ಣು ಕೋಸಂಬರಿಗೆ ಈ ತಿಂಗಳೇ ಮುಗಿಯಬೇಕು, ಸಿಪ್ಪೆ ಜಿಡ್ಡಾಗುತ್ತಾ ಬಂದರೆ ಅದು ಹಳತಾಗುತ್ತಿರುವ ಸೂಚನೆ. ವಾರಕ್ಕೊಮ್ಮೆ ಚೀಲ ಬಿಚ್ಚಿ ಒಂದೊಂದನ್ನೂ ತಿರುಗಿಸಿ ನೋಡಿ, ಮೆತ್ತಗಾದದ್ದನ್ನು ಅವತ್ತೇ ಹೊರಗೆ ತೆಗೆಯಿರಿ. ಸ್ಪೈ ಹಣ್ಣಿನ ಹುಳಿ ಇಳಿದು ಘಮ ಏರುವುದು ಡಿಸೆಂಬರ್‌ನಲ್ಲಿ. ಎರಡನೇ ಪೈ ಆಗ.